ಹಕ್ಕಿಗೆ ಓದಿ ಹೇಳುತ್ತಿದ್ದವನು

ಸತ್ತವರಿಗೆ ಬಹುವಚನ ಹಚ್ಚುವುದು ನನಗೆ ಬರುವುದಿಲ್ಲ. ಬದುಕಿದ್ದಾಗ ಅವನು ಎಂದೆ, ಈಗಲೂ ಅವನೇ. ಹೆಸರನ್ನೂ ಹೇಳುವುದಿಲ್ಲ. ಊರಲ್ಲಿ ಆ ಹೆಸರು ಹಿಡಿದು ಅವನನ್ನು ಕರೆದವರೇ ಇರಲಿಲ್ಲ. ಆಂಧ್ರದ ಗಡಿಯಲ್ಲಿ, ಹೊಳಗುಂದದ ಆಚೆ ಇರುವ ನಮ್ಮ ಊರಲ್ಲಿ ಟ್ರ್ಯಾಕ್ಟರ್ ಓಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ, ಆದರೆ ಡ್ರೈವರ್ ಎಂದರೆ ಅವನೊಬ್ಬನೇ. ಆದವಾನಿಯ ಪ್ರೆಸ್ಸುಗಳಿಂದ ಹತ್ತಿ ಬೇಲು ಹೇರಿಕೊಂಡು ಹುಬ್ಬಳ್ಳಿ, ದಾವಣಗೆರೆ, ವಿಜಯವಾಡ ಎಂದು ಅರ್ಧ ಆಯುಷ್ಯ ಲಾರಿಯಲ್ಲಿ ಕಳೆದು, ಆಮೇಲೆ ಊರಿಗೆ ಬಂದು ಅಪ್ಪನ ಹೊಲ ಹಿಡಿದಿದ್ದ. ನನಗಿಂತ ಸಣ್ಣವನು. ನನ್ನ ಹೊಲದ ಬಾಜು ಹೊಲ ಅವನದು. ಹೆಂಡತಿ ಮಕ್ಕಳಿಲ್ಲ. ಬಲಗಾಲು ಕುಂಟು.

ಹೋದ ತಿಂಗಳು ಅವನ ಮೂರನೆಯ ದಿನದ ಕೂಳನ್ನು ಕಾಗೆ ಮುಟ್ಟಲಿಲ್ಲ.

ಅವನನ್ನು ಅವನ ಹೊಲದ ತುದಿಯಲ್ಲೇ ಬೇವಿನ ಮರದ ಕೆಳಗೆ ಮಣ್ಣು ಮಾಡಿದ್ದರು. ಎಲೆಯ ಮೇಲೆ ಅನ್ನ, ಅವನಿಗೆ ಸೇರುತ್ತಿದ್ದ ಮಿರ್ಚಿ, ಒಗ್ಗರಣೆ ಮಂಡಕ್ಕಿ, ಒಂದು ಲೋಟ ಚಹಾ, ಒಂದು ಕಟ್ಟು ಬೀಡಿ ಇಟ್ಟಿದ್ದರು. ಕಾಗೆಗಳು ಬೇವಿನ ತುದಿಯಲ್ಲಿ ಕೂತು ಕತ್ತು ಹೊರಳಿಸಿ ನೋಡುತ್ತಿದ್ದವು, ಇಳಿಯಲಿಲ್ಲ. ಕಾಗೆ ಮುಟ್ಟುವ ತನಕ ಬಂದವರು ಯಾರೂ ಉಣ್ಣುವ ಹಾಗಿಲ್ಲ. ಅವನ ಅಣ್ಣನ ಮಗ ಕೈ ಮುಗಿದು, ಹೊಲ ಬೀಳು ಬಿಡುವುದಿಲ್ಲ ಎಂದ. ಗೋರಿಗೆ ಕಲ್ಲು ಹಾಕಿಸುತ್ತೇನೆ ಎಂದ. ಉರುಕುಂದದ ಈರಣ್ಣ ದೇವರಿಗೆ ತಲೆಗೂದಲು ಕೊಡುತ್ತೇನೆ ಎಂದ. ಕಾಗೆ ರೆಕ್ಕೆ ಕೆದರಿಕೊಂಡಿತು, ಅಷ್ಟೇ. ಬಿಸಿಲು ಏರುತ್ತಿತ್ತು. ಮಂದಿ ಗುಸುಗುಸು ಶುರು ಮಾಡಿದರು. ಸತ್ತವನಿಗೆ ಏನೋ ಆಸೆ ಉಳಿದಿದೆ, ಅದನ್ನು ಬಾಯಿಬಿಟ್ಟು ಹೇಳಿ ಮಾತು ಕೊಡದಿದ್ದರೆ ಕಾಗೆ ಇಳಿಯುವುದಿಲ್ಲ ಎಂದರು. ಊರ ಹಿರಿಯನೊಬ್ಬ ನನ್ನ ಕಡೆ ತಿರುಗಿದ.

"ಬಾಜು ಹೊಲದಾಕಿ ನೀನು. ಅವನ ಆಸಿ ಏನಿತ್ತಂತ ನಿನಗ ಗೊತ್ತಿಲ್ಲದ ಯಾರಿಗೆ ಗೊತ್ತಿರತೈತಿ?"

ನನಗೆ ಗೊತ್ತಿಲ್ಲ ಎಂದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ನಮ್ಮಿಬ್ಬರ ಹೊಲದ ನಡುವಿನ ಬದು ನೋಡುತ್ತ ನಿಂತೆ.

ಆ ಬದುವಿನ ಸಲುವಾಗಿ ನಾವಿಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದೆವು. ಅವನು ನೇಗಿಲು ಒತ್ತಿ ಬದು ಸವೆಸಿದ ಎಂದು ನಾನು, ನನ್ನ ಗಂಡ ಬದುಕಿದ್ದಾಗ ಸವೆಸಿದ್ದು ಎಂದು ಅವನು. ಮಾತು ಬಿಟ್ಟೆವೆಂದರೆ ಬಾಯಿ ಮುಚ್ಚಿಕೊಂಡಿದ್ದೆವು ಎಂದಲ್ಲ. ಅವನು ತನ್ನ ಎತ್ತಿಗೆ ಹೇಳುತ್ತಿದ್ದ, "ಹುಷಾರಪ, ಆ ಕಡಿಗೆ ಕಾಲಿಟ್ಟಿ ಅಂದ್ರ ಮುದುಕಿ ಪಂಚಾಯ್ತಿ ಕರಸ್ತಾಳ." ನಾನು ನನ್ನ ಮೇಕೆಗೆ ಹೇಳುತ್ತಿದ್ದೆ, ಕುಂಟನ ಕಣ್ಣಿಗೆ ಬದು ಕಾಣುವುದಿಲ್ಲ, ಗೊಂಬೆ ಪುಸ್ತಕ ಮಾತ್ರ ಕಾಣುತ್ತದೆ ಎಂದು. ಎತ್ತೂ ಮೇಕೆಯೂ ಎಲ್ಲ ಕೇಳಿಸಿಕೊಂಡವು.

ಗೊಂಬೆ ಪುಸ್ತಕ ಎಂದೆನಲ್ಲ, ಅದು ಅವನ ರೋಗ. ಕೂದಲು ನೆರೆತ ಗಂಡಸು ಬದುವಿನ ಮೇಲೆ ಕುಂಟುಗಾಲು ಚಾಚಿಕೊಂಡು, ಚಿತ್ರ ತುಂಬಿದ ಹುಡುಗರ ಕಥೆ ಪುಸ್ತಕ ಓದುತ್ತ ಒಬ್ಬನೇ ನಗುತ್ತಿದ್ದ. ನಮ್ಮ ಕಡೆ ಗಂಡಸು ಓದುವುದೆಂದರೆ ಪಹಣಿ, ಇಲ್ಲವೆಂದರೆ ಬೀಜದ ಪಾಕೀಟಿನ ಮೇಲಿನ ಬರಹ. ಓದುವುದು ಹೆಣ್ಣುಮಕ್ಕಳ ಕೆಲಸ, ಗಂಡುಹುಡುಗರು ಸ್ಟೇರಿಂಗ್ ಹಿಡಿಯಬೇಕು ಎನ್ನುವ ಊರು ಇದು. ಇವನು ಸ್ಟೇರಿಂಗ್ ಹಿಡಿದು ಬಂದವನು, ಮೇಲೆ ಓದುತ್ತಲೂ ಇದ್ದ. ಅದಕ್ಕೇ ಅವನ ಪುಸ್ತಕಕ್ಕಾಗಿ ಹುಡುಗರ ತಲೆ ಕೆಟ್ಟಿತು.

ಅವನ ಮನೆಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಬಸ್‌ಸ್ಟ್ಯಾಂಡುಗಳಲ್ಲಿ ಕೊಂಡದ್ದು, ಹೋಟೆಲ್ಲುಗಳಲ್ಲಿ ಯಾರೋ ಬಿಟ್ಟು ಹೋದದ್ದು, ಕನ್ನಡದ್ದು, ತೆಲುಗಿನದ್ದು, ರಟ್ಟು ಹರಿದದ್ದು, ಎಣ್ಣೆ ಹತ್ತಿದ್ದು, ಎಲ್ಲ ಅದರಲ್ಲಿ. ಹುಡುಗರು ಕೇಳಿದರೆ ಕೊಡುತ್ತಿರಲಿಲ್ಲ. ಇದು ನಿಮ್ಮಂಥ ಸಣ್ಣವರಿಗಲ್ಲ, ಮೀಸೆ ಬಂದ ಮೇಲೆ ಬನ್ನಿ ಎಂದು ಗದರುತ್ತಿದ್ದ. ಟ್ರಂಕಿಗೆ ಒಂದು ದೊಡ್ಡ ಬೀಗ ನೇತುಹಾಕಿದ್ದ. ಬೀಗ ಹಾಕಿದ ಹಾಗೆ ಕಾಣುತ್ತಿತ್ತು, ಹಾಕಿರಲಿಲ್ಲ. ಎಳೆದರೆ ಬರುತ್ತಿತ್ತು. ಅವನು ಹೊಲಕ್ಕೆ ಹೋಗುವುದನ್ನೇ ಕಾದು ಹುಡುಗರು ಒಂದೊಂದು ಪುಸ್ತಕ ಅಂಗಿಯೊಳಗೆ ಸೇರಿಸಿಕೊಂಡು ಓಡುತ್ತಿದ್ದರು, ಓದಿ ಮುಗಿಸಿ ಕದ್ದೇ ತಂದಿಡುತ್ತಿದ್ದರು. ಒಮ್ಮೆ ಒಬ್ಬ ಸಿಕ್ಕಿಬಿದ್ದ. ಡ್ರೈವರ್ ಅವನ ಕಿವಿ ಹಿಡಿದುಕೊಂಡು ನಡುಬೀದಿಯಲ್ಲಿ ನಿಲ್ಲಿಸಿ, ಕದ್ದದ್ದು ಯಾವ ಕಥೆ, ಕೊನೆಗೆ ಆ ಮುಖವಾಡದ ಕಳ್ಳ ಯಾರೆಂದು ತಿಳಿಯಿತು ಎಂದು ಕೇಳಿದ. ಹುಡುಗ ಸರಿಯಾಗಿ ಹೇಳಿದ. ಕಿವಿ ಬಿಟ್ಟ. ಓದದೆ ಕದ್ದಿದ್ದರೆ ಕಿವಿ ಕೈಯಲ್ಲೇ ಉಳಿಯುತ್ತಿತ್ತು ಎಂದ.

ಈ ಹುಚ್ಚು ಅವನಿಗೆ ಹಿಡಿದ ಕಥೆಯನ್ನು ಊರಿಗೆಲ್ಲ ಹೇಳಿಕೊಂಡಿದ್ದ. ಹುಡುಗನಾಗಿದ್ದಾಗ ಲಾರಿಗೆ ಕ್ಲೀನರ್ ಆಗಿ ಸೇರಿದ. ಮುಖ್ಯ ಡ್ರೈವರಿಗೆ ಸ್ಟೇರಿಂಗ್ ಹಿಡಿದೊಡನೆ ತೂಕಡಿಕೆ ಬರುತ್ತಿತ್ತಂತೆ. ಆ ಮನುಷ್ಯ ಒಂದು ಬ್ಯಾಟರಿ ದೀಪ ಮತ್ತು ಒಂದು ಗೊಂಬೆ ಪುಸ್ತಕ ಇವನ ಕೈಗೆ ಕೊಟ್ಟು, ಜೋರಾಗಿ ಓದುತ್ತಿರು, ತಪ್ಪು ಓದಿದರೂ ನಡೆದೀತು, ನಿಲ್ಲಿಸಿದರೆ ಇಬ್ಬರೂ ಸಾಯುತ್ತೇವೆ ಎಂದನಂತೆ. ಇವನಿಗೆ ಅಕ್ಷರ ಅರ್ಧಂಬರ್ಧ. ಸಾವಿನ ಭಯಕ್ಕೆ ಓದಿದ. ಊರಿಂದ ಊರಿಗೆ ಕಿರಿಚುತ್ತ ಓದಿದ. ಹಾಗೇ ಓದು ಬಂತು. ಒಂದು ದಿನ ಕಥೆ ಎಷ್ಟು ಚಂದ ಇತ್ತೆಂದರೆ ಕಿರಿಚುವುದನ್ನು ಮರೆತು ಮನಸ್ಸಿನಲ್ಲೇ ಓದಿಕೊಂಡ. ಮುಖ್ಯ ಡ್ರೈವರ್ ತೂಕಡಿಸಿದ. ಲಾರಿ ಹುಣಸೆ ಮರಕ್ಕೆ ಹೊಡೆಯಿತು. ಇವನ ಕಾಲು ಕುಂಟಾದದ್ದು ಅಲ್ಲಿ, ಆಮೇಲೆ ಅದೇ ಕಾಲಲ್ಲಿ ಬ್ರೇಕು ಒತ್ತಿ ಲಾರಿ ಓಡಿಸಿದ. ಇದನ್ನು ಹೇಳುವಾಗ ಕಾಲಿನ ಬಗ್ಗೆ ಅವನಿಗೆ ಚೂರೂ ಬೇಸರ ಇರುತ್ತಿರಲಿಲ್ಲ. ಆ ಪುಸ್ತಕದ ಕೊನೆಯ ಹಾಳೆ ರಕ್ತದಲ್ಲಿ ಅಂಟಿಕೊಂಡು ಓದಲಿಕ್ಕೆ ಆಗಲಿಲ್ಲ ಎನ್ನುವುದೇ ಅವನ ಸಂಕಟ.

ಇಂಥವನ ಕೈಗೆ ನನ್ನ ಮೊಮ್ಮಗನನ್ನು ಕೊಡಬೇಕಾಗಿ ಬಂತು.

ಮೊಮ್ಮಗನ ಹೆಸರು ಈರಣ್ಣ. ಎರಡು ವರ್ಷದ ಹಿಂದೆ ಆರನೆಯ ಕ್ಲಾಸಿನಲ್ಲಿದ್ದ. ಅಕ್ಷರ ಕೂಡಿಸುವ ವಯಸ್ಸಿನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ತೆರೆದಾಗ ಹುಡುಗ ಮೇಲಿನ ಕ್ಲಾಸಿನಲ್ಲಿ ಕೂತಿದ್ದ, ಓದು ಮಾತ್ರ ಕೆಳಗೆ ಉಳಿದಿತ್ತು. ಎದ್ದು ನಿಂತು ಓದು ಎಂದರೆ ಬಾಯಿ ಹೊಲಿದ ಹಾಗೆ ನಿಲ್ಲುತ್ತಿದ್ದ. ಉಳಿದ ಹುಡುಗರು ನಗುತ್ತಿದ್ದರು. ಆಮೇಲೆ ಶಾಲೆಗೆ ಹೋಗುವೆನೆಂದು ಹೊರಟು ಕೆರೆಯ ಕಡೆ ತಿರುಗತೊಡಗಿದ. ನಾನು ಹೊಡೆದೆ. ಹೊಡೆದರೆ ಓದು ಬರುವುದಾದರೆ ನಮ್ಮ ಕತ್ತೆಗಳೆಲ್ಲ ಪಂಡಿತರಾಗಬೇಕಿತ್ತು.

ನನ್ನ ಮಗ ಸೊಸೆ ಪ್ರತಿ ವರ್ಷ ಸಂಕ್ರಾಂತಿ ಮುಗಿದೊಡನೆ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಊರಿಗೆ ಊರೇ ಹೋಗುತ್ತದೆ. ಮುದುಕರು, ಶಾಲೆಯ ಮಕ್ಕಳು ಉಳಿಯುತ್ತೇವೆ. ಆ ವರ್ಷ ಮಗ, ಈರಣ್ಣನನ್ನೂ ಕರೆದುಕೊಂಡು ಹೋಗುತ್ತೇನೆ ಎಂದ. ಓದುವುದಿಲ್ಲ, ಕೆರೆ ಸುತ್ತುತ್ತಾನೆ, ಅಲ್ಲಿ ಬಂದರೆ ಚೀಲವಾದರೂ ಹಿಡಿದಾನು ಎಂದ. ಕೂಲಿ ಮಂದಿಯನ್ನು ಕರೆದೊಯ್ಯುವ ಮೇಸ್ತ್ರಿಗೆ ನಮ್ಮ ಮನೆಯಿಂದ ಮೂರು ತಲೆ ಎಂದು ಒಪ್ಪಿಸಿಯೂ ಬಂದ. ಒಮ್ಮೆ ಆ ಗಾಡಿ ಹತ್ತಿದ ಹುಡುಗ ಮತ್ತೆ ಶಾಲೆಗೆ ಬಂದದ್ದನ್ನು ನಾನು ನೋಡಿಲ್ಲ. ಅದು ಗೊತ್ತಿದ್ದೇ ಹೂಂ ಎಂದೆ. ಓದದವನನ್ನು ಶಾಲೆಗೆ ಕಳಿಸಿ ಏನು ಮಾಡುವುದು?

ಮರುದಿನ ಡ್ರೈವರ್ ಬದುವಿನ ಮೇಲೆ ಬಂದು ನಿಂತ. ಎತ್ತು ಜೊತೆಗಿರಲಿಲ್ಲ.

"ಯಕ್ಕ, ಹುಡುಗನ್ನ ಗುಂಟೂರಿಗೆ ಕಳಸ್ತೀಯಂತ?"

ಅಷ್ಟು ವರ್ಷಗಳ ಮೇಲೆ ನನಗೆಂದೇ ಹೇಳಿದ ಮೊದಲ ಮಾತು. ನಮ್ಮ ಮನೆಯ ಹುಡುಗ, ನಿನಗೇನು ಎಂದೆ. ಅವನು ಜಗಳಕ್ಕೆ ಬರಲಿಲ್ಲ. ಸಂಕ್ರಾಂತಿ ರಜೆಯಲ್ಲಿ ಹಬ್ಬದ ತನಕ ಹುಡುಗನನ್ನು ತನ್ನ ಮಂಚಿಕೆಗೆ ಬಿಡು ಎಂದ. ಮಂಚಿಕೆ ಎಂದರೆ ನಾಲ್ಕು ಕಂಬದ ಮೇಲೆ ಕಟ್ಟಿದ ಅಟ್ಟ, ಅದರ ಮೇಲೆ ಕೂತು ಬೆಳೆಗೆ ಬೀಳುವ ಹಕ್ಕಿ ಓಡಿಸುವುದು. ಇಬ್ಬರ ಹೊಲದಲ್ಲೂ ಜೋಳ ಹಾಲುತೆನೆಗೆ ಬಂದಿತ್ತು. ಕವಣೆ ಬೀಸಲು ನನ್ನ ತೋಳು ಏಳುತ್ತಿರಲಿಲ್ಲ. ಹುಡುಗ ಎರಡೂ ಹೊಲ ಕಾಯಲಿ, ಗಾಡಿ ಹೊರಡುವ ದಿನದೊಳಗೆ ಓದು ಬರದಿದ್ದರೆ ತಾನೇ ಅವನನ್ನು ಹತ್ತಿಸಿ ಕಳಿಸುತ್ತೇನೆ ಎಂದ. ನನಗೆ ಓದಿನ ನಂಬಿಕೆ ಇರಲಿಲ್ಲ, ಹಕ್ಕಿಯ ಚಿಂತೆ ಇತ್ತು. ಒಪ್ಪಿದೆ. ಬದು ದಾಟಿ ಒಂದು ಗೇಣು ಉತ್ತರೂ ಕೈ ಮುರಿಯುತ್ತೇನೆ ಎಂದೂ ಸೇರಿಸಿದೆ.

ಅವನು ಹುಡುಗನಿಗೆ ಅ ಆ ಇ ಈ ಹೇಳಿಕೊಡುತ್ತಾನೆ ಎಂದುಕೊಂಡಿದ್ದೆ. ಅವನು ಹಾಗೇನೂ ಮಾಡಲಿಲ್ಲ. ಮೊದಲ ದಿನ ಹುಡುಗನನ್ನು ಬಾಜು ಕೂಡಿಸಿಕೊಂಡು ತಾನೇ ಕಿರಿಚುತ್ತ ಓದಿದ. ಹಕ್ಕಿ ಓಡಿಸಲು ನಾವು ಹೋ ಹೋ ಎಂದು ಕೂಗುತ್ತೇವೆ, ಡಬ್ಬಿ ಬಡಿಯುತ್ತೇವೆ. ಇವನು ಕಥೆಯನ್ನೇ ಕೂಗಿದ. ರಾಕ್ಷಸನಿಗೆ ಒಂದು ಗಂಟಲು, ರಾಜನಿಗೆ ಒಂದು ಗಂಟಲು, ಅಳುವ ಹೆಂಗಸಿಗೆ ಇನ್ನೊಂದು. ಹೊಲದ ಕೆಳಗಿನ ತುಂಡಿನಲ್ಲಿ ಕಡಲೆ ಕೀಳುತ್ತಿದ್ದ ನನಗೆ ಎಲ್ಲ ಕೇಳುತ್ತಿತ್ತು. ಹಕ್ಕಿಗಳಿಗೂ ಕೇಳಿತು, ಒಂದೂ ಇಳಿಯಲಿಲ್ಲ.

ಕಥೆ ಬಿಗಿಯಾದ ಜಾಗಕ್ಕೆ ಬಂದೊಡನೆ, ಕಳ್ಳ ಬಾವಿಗೆ ಇಳಿದ, ಕೆಳಗೆ ಏನೋ ಅಲುಗಾಡಿತು ಎನ್ನುವಲ್ಲಿ ಅವನು ಪುಸ್ತಕ ಬೋರಲು ಹಾಕಿ, ಎತ್ತಿಗೆ ನೀರು ಕುಡಿಸಿ ಬರುತ್ತೇನೆ ಎಂದು ಇಳಿದು ಹೋಗುತ್ತಿದ್ದ. ಎತ್ತು ಬೇಡವೆಂದರೂ ಕುಡಿಸುತ್ತಿದ್ದ. ಹುಡುಗ ಮೇಲೆ ಒಬ್ಬನೇ. ಕೈಗೆ ಸಿಗುವ ಹಾಗೆ ಪುಸ್ತಕ. ಹೋಗುವಾಗ ಹೇಳುತ್ತಿದ್ದ ಮಾತು ಒಂದೇ.

"ಬಾಯಿ ನಿಂದ್ರಸಬ್ಯಾಡ. ಏನರ ಓದು. ಹಕ್ಕಿ ತಪ್ಪು ಹಿಡಿಯಂಗಿಲ್ಲ."

ಹುಡುಗ ಮೊದಲು ಬರೀ ಹೋ ಹೋ ಎಂದ. ಎರಡನೆಯ ದಿನ ಚಿತ್ರ ನೋಡಿ ತನಗೆ ತಿಳಿದದ್ದನ್ನು ಕೂಗಿದ. ಬಾವಿಯೊಳಗೆ ಹಾವು ಎಂದು ಕೂಗಿ ಆಣೆ ಮಾಡಿ ಹೇಳಿದ. ಡ್ರೈವರ್ ಕೆಳಗಿನಿಂದಲೇ ಕೂಗಿದ, ಅಲ್ಲಿ ಹಾವು ಎಂದು ಬರೆದೇ ಇಲ್ಲ, ಬರೆದದ್ದು ಬೇರೆ ಎಂದು. ಏನು ಎಂದು ಹೇಳಲಿಲ್ಲ. ಹುಡುಗನಿಗೆ ಸಿಟ್ಟು ಬಂತು. ಮನೆಗೆ ಬಂದು ಉಣ್ಣಲಿಲ್ಲ, ಆ ಕುಂಟನ ಬಾವಿಯಲ್ಲಿ ಏನಿದೆ ಅಜ್ಜಿ ಎಂದು ನನ್ನನ್ನು ಕಾಡಿದ. ನನಗೇನು ಗೊತ್ತು? ಮೂರನೆಯ ಕ್ಲಾಸಿಗೆ ಬಿಟ್ಟವಳು ನಾನು.

ಆಮೇಲೆ ಒಂದೊಂದೇ ಅಕ್ಷರ ಒದ್ದು ಒದ್ದು ಮುಂದೆ ತಳ್ಳುವ ಹಾಗೆ ಕೂಗತೊಡಗಿದ. ಕೇಳಲು ಹಿಂಸೆ. ಒಂದು ಮಾತನ್ನು ನಾಲ್ಕು ಸಲ ಮುರಿದು ಕಟ್ಟುತ್ತಿದ್ದ. ಶಾಲೆಯಲ್ಲಾಗಿದ್ದರೆ ನಗುತ್ತಿದ್ದರು. ಇಲ್ಲಿ ನಗಲು ಯಾರಿದ್ದರು? ಗಿಳಿ, ಗುಬ್ಬಿ, ಮತ್ತು ಆ ಗುಲಾಬಿ ಮೈಯ ಕರಿ ತಲೆಯ ಹಕ್ಕಿ, ಚಳಿಗಾಲದಲ್ಲಿ ಎಲ್ಲಿಂದಲೋ ಹಿಂಡು ಹಿಂಡಾಗಿ ಬರುತ್ತವಲ್ಲ, ಅವು. ಅವು ಬಿದ್ದರೆ ತೆನೆಯಲ್ಲಿ ಸಿಪ್ಪೆ ಉಳಿಯುತ್ತದೆ. ಹುಡುಗನ ದನಿ ನಿಲ್ಲದ ತನಕ ನನ್ನ ಜೋಳ ನನ್ನದು ಎಂದುಕೊಂಡು ನಾನು ಕಡಲೆ ಕೀಳುತ್ತಿದ್ದೆ.

ಇತ್ತ ದಿನ ಹತ್ತಿರ ಬರುತ್ತಿತ್ತು. ಸೊಸೆ ಬಟ್ಟೆಯ ಗಂಟು ಕಟ್ಟಿದಳು. ಹುಡುಗನ ಎರಡು ಅಂಗಿಯನ್ನೂ ಅದರಲ್ಲೇ ಸೇರಿಸಿದಳು. ಮಗ ಸಂಜೆ ಬಂದು, ಏನಂತಾನೆ ನಿನ್ನ ಹಕ್ಕಿ ಪಂಡಿತ ಎಂದು ಹಂಗಿಸುತ್ತಿದ್ದ. ನಾನು ಡ್ರೈವರನನ್ನು ಕೇಳಿದರೆ, ಇನ್ನೂ ಬಂದಿಲ್ಲ ಎನ್ನುತ್ತಿದ್ದ. ಕೂಗುತ್ತಿದ್ದಾನಲ್ಲ ಎಂದರೆ, ಕೂಗುವುದು ಓದಲ್ಲ ಎನ್ನುತ್ತಿದ್ದ. ಹಾಗಾದರೆ ಓದು ಯಾವುದು ಎಂದರೆ ಬೀಡಿ ಹಚ್ಚುತ್ತಿದ್ದ. ಆ ಬೀಡಿ ಕಸಿದು ಅವನ ಬಾಯಿಗೆ ತಿರುಗಿಸಿ ಇಡಬೇಕು ಎನ್ನುವಷ್ಟು ಸಿಟ್ಟು ಬರುತ್ತಿತ್ತು ನನಗೆ.

ಹಬ್ಬದ ದಿನ. ಮರುದಿನ ಬೆಳಗ್ಗೆ ಗಾಡಿ. ಹೊಲಕ್ಕೆ ಹಬ್ಬವಿಲ್ಲ, ಹಕ್ಕಿಗೂ ಇಲ್ಲ, ಹೋಗಿದ್ದೆವು. ನಾನು ಕಡಲೆಯ ತುಂಡಿನಲ್ಲಿ ಬಗ್ಗಿದ್ದೆ. ಮಂಚಿಕೆಯ ಮೇಲೆ ಹುಡುಗನ ದನಿ ನಡೆದಿತ್ತು. ಒಮ್ಮೆಗೇ ನಿಂತಿತು.

ನೀರು ಕುಡಿಯುತ್ತಿರಬೇಕು ಎಂದುಕೊಂಡೆ. ಕಾದೆ. ಬರಲಿಲ್ಲ. ನಿದ್ದೆ ಹೋದನೇ? ಕೆಳಗೆ ಬಿದ್ದನೇ? ಹಾವು ಗೀವು? ಆಗ ಇನ್ನೊಂದು ಸದ್ದು ಕೇಳಿತು, ಕಾದ ಬಾಣಲೆಗೆ ನೀರು ಬಿದ್ದ ಹಾಗೆ. ಹಿಂಡು ಇಳಿದಿತ್ತು. ಕಡಲೆ ಚೆಲ್ಲಿ ಓಡಿದೆ. ಈ ವಯಸ್ಸಿನಲ್ಲಿ ಎರೆಮಣ್ಣಿನ ಹೆಂಟೆಗಳ ಮೇಲೆ ಓಡುವುದೆಂದರೆ ಏನೆಂದು ಓಡಿದವರಿಗೇ ಗೊತ್ತು. ನನ್ನ ಜೋಳದ ಮೂಲೆಯಲ್ಲಿ ಹಕ್ಕಿಗಳು ತೆನೆಗೆ ಜೋತುಬಿದ್ದಿದ್ದವು. ಮಂಚಿಕೆಯ ಮೇಲೆ ಹುಡುಗ ಚೆನ್ನಾಗಿಯೇ ಇದ್ದ. ಮೊಣಕಾಲ ಮೇಲೆ ಪುಸ್ತಕ, ಬಾಯಿ ಮುಚ್ಚಿತ್ತು. ಕೆಳಗೆ ಕಂಬ ಹಿಡಿದುಕೊಂಡು ಡ್ರೈವರ್ ನಿಂತಿದ್ದ. ಹಕ್ಕಿ ಬಿದ್ದದ್ದನ್ನು ನೋಡುತ್ತಲೇ ನಿಂತಿದ್ದ. ನಾನು ಬಾಯಿ ತೆರೆಯುವುದರೊಳಗೆ ಕೈ ಅಡ್ಡ ಹಿಡಿದ.

"ಸುಮ್ನಿರಕ್ಕ. ಹುಡುಗ ಒಳಗ ಹೋಗ್ಯಾನ."

"ಹಕ್ಕಿನೂ ಒಳಗ ಹೋಗ್ಯಾವ. ನನ್ನ ಹೊಲದಾಗ."

"ಒಂದು ಹಾಳಿ ಉಳದೈತಿ. ಮುಗೀಲಿ."

"ನಿನ್ನ ಹೊಲದಾಗ ಬಿದ್ದಿದ್ರ ಹಿಂಗ ಕಂಬ ಹಿಡಕಂಡು ನಿಂದ್ರತಿದ್ದ್ಯಾ?"

ಅವನು ಗದ್ದ ತಿರುಗಿಸಿ ತೋರಿಸಿದ. ಅವನ ಹೊಲದಲ್ಲಿ ನನ್ನದಕ್ಕಿಂತ ದೊಡ್ಡ ಹಿಂಡು ಬಿದ್ದಿತ್ತು. ಜೋಳವೇ ಕಾಣುತ್ತಿರಲಿಲ್ಲ.

ಅವನು ಹುಚ್ಚನಾದರೆ ನಾನೂ ಹುಚ್ಚಿಯಾಗಬೇಕೇ? ಮಂಚಿಕೆಯ ಕೆಳಗಿದ್ದ ಎಣ್ಣೆ ಡಬ್ಬಿ ಎತ್ತಿಕೊಂಡು ಕೋಲಿನಿಂದ ಬಡಿದೆ. ಎರಡೂ ಹೊಲದ ಹಕ್ಕಿ ಒಮ್ಮೆಗೇ ಎದ್ದವು. ಹೊಸ ಬಟ್ಟೆ ಹರಿದ ಹಾಗೆ ಸದ್ದು ಮಾಡಿಕೊಂಡು ಮಂಚಿಕೆಯ ಮೇಲಿಂದಲೇ ಹಾದವು, ನೆರಳು ಹುಡುಗನ ಮೈಮೇಲೆ ಬಿದ್ದು ಹೋಯಿತು. ಹುಡುಗ ತಲೆ ಎತ್ತಲಿಲ್ಲ. ನಾನು ಇನ್ನೊಮ್ಮೆ ಬಡಿದೆ. ಓಡಿಸಲು ಹಕ್ಕಿ ಉಳಿದಿರಲಿಲ್ಲ, ಹುಡುಗನ ಕಿವಿ ನೋಡಲೆಂದೇ ಬಡಿದೆ. ಅವನು ಹಾಳೆ ತಿರುಗಿಸಿದ.

"ನನ್ನ ಕಾಲು ಹೋದಾಗ ನಾನೂ ಹಿಂಗ ಕುಂತಿದ್ದೆ" ಎಂದ ಡ್ರೈವರ್. ಆಮೇಲೆ ಬೀಡಿ ಹಚ್ಚಿದ. ಆ ಬೀಡಿಗೆ ನನಗೆ ಸಿಟ್ಟು ಬರಲಿಲ್ಲ.

ಮರುದಿನ ಬೆಳಗ್ಗೆ ನಮ್ಮ ಬೀದಿಗೆ ಟೆಂಪೋ ಬಂದು ನಿಂತಿತು. ಮಂದಿ ಗಂಟು ಮೂಟೆ ಹೇರುತ್ತಿದ್ದರು. ಹುಡುಗ ಬರುವುದಿಲ್ಲ, ಅವನಿಗೆ ಓದು ಬಂದಿದೆ ಎಂದು ನಾನು ಹೇಳಿದೆ. ಮಗನಿಗೆ ನಂಬಿಕೆ ಬರಲಿಲ್ಲ. ಜಗುಲಿಯ ಮೇಲಿದ್ದ ಖಾಲಿ ಗೊಬ್ಬರದ ಚೀಲ ಹುಡುಗನ ಮುಂದೆ ಹಿಡಿದು, ಇದರ ಮೇಲಿನದನ್ನು ಓದು ಎಂದ. ಅರ್ಧ ಊರು ನೋಡುತ್ತಿತ್ತು. ಈರಣ್ಣ ಚೀಲ ನೋಡಿದ, ಅಪ್ಪನನ್ನು ನೋಡಿದ. ಬಾಯಿ ಹೊಲಿದ ಹಾಗೆ ನಿಂತ. ಮೇಸ್ತ್ರಿ ಹಾರನ್ ಹೊಡೆಸಿದ.

ಡ್ರೈವರ್ ಬೀದಿಯ ಮೂಲೆಯಲ್ಲಿ ನಿಂತಿದ್ದ. ಎದುರಿಗೆ ಮಂದಿ ಇದ್ದರೆ ಹುಡುಗನಿಗೆ ಬಾಯಿ ಏಳುವುದಿಲ್ಲ, ನಿಧಾನಕ್ಕೆ ಬರುತ್ತದೆ ಎಂದ.

"ಪರೀಕ್ಷಿನೂ ಹಕ್ಕಿ ಮುಂದ ಬರಿಸ್ತಾರೇನು?" ಎಂದ ನನ್ನ ಮಗ. ಟೆಂಪೋದಲ್ಲಿದ್ದವರೆಲ್ಲ ನಕ್ಕರು.

ಡ್ರೈವರ್ ಮಾತು ಕೊಟ್ಟಿದ್ದನಲ್ಲ, ಓದು ಬರದಿದ್ದರೆ ತಾನೇ ಹತ್ತಿಸುತ್ತೇನೆ ಎಂದು. ಕುಂಟುತ್ತ ಬಂದು ಹುಡುಗನ ಹೆಗಲ ಮೇಲೆ ಕೈಯಿಟ್ಟ. ಹುಡುಗ ಟೆಂಪೋದ ಹಲಗೆಗೆ ಒಂದು ಕಾಲು ಇಟ್ಟ.

ಡಬ್ಬಿ ಬಡಿದವಳು ನಾನು. ಹಾಳೆ ತಿರುಗಿಸಿದ್ದನ್ನು ನೋಡಿದವಳು ನಾನು. ನೋಡಿದ್ದನ್ನು ಈ ಮಂದಿಗೆ ಹೇಗೆ ತೋರಿಸುವುದು? ಹುಡುಗನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಮೇಸ್ತ್ರಿ, ಏಮಮ್ಮಾ, ಮೂರು ತಲೆ ಎಂದು ಹೇಳಿದ್ದೀರಿ, ಈಗ ಬರುವುದಿಲ್ಲ ಎಂದರೆ ಹೇಗೆ ಎಂದು ಗುರುಗುಟ್ಟಿದ. ಮೂರು ತಲೆ ತಾನೇ ಎಂದೆ. ಸೀರೆ ಎತ್ತಿ ಕಟ್ಟಿದೆ.

"ನಾನು ಬರ್ತೀನಿ. ಮೆಣಸಿನಕಾಯಿ ಬಿಡಸಾಕ ಓದು ಬರಬೇಕಂತಿಲ್ಲ."

ಮಗ ಕಕ್ಕಾಬಿಕ್ಕಿಯಾದ. ನಿನ್ನ ಕೈಲಾಗುತ್ತದೆಯೇ ಎಂದ. ಕವಣೆ ಬೀಸಲು ಆಗುವುದಿಲ್ಲ, ಕೂತು ಕಾಯಿ ಬಿಡಿಸಲು ಆಗುತ್ತದೆ ಎಂದೆ. ಹುಡುಗ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎಂದಳು ಸೊಸೆ. ನಾನು ಡ್ರೈವರನ ಕಡೆ ನೋಡಿದೆ. ಅವನು ನನ್ನನ್ನು ನೋಡಿದ, ತಲೆಯಾಡಿಸಿದ. ಹುಡುಗನನ್ನು, ಜೋಳವನ್ನು, ಮೇಕೆಯನ್ನು ಮಾತು ಬಿಟ್ಟ ಮನುಷ್ಯನ ಕೈಗೆ ಕೊಟ್ಟು ಟೆಂಪೋ ಹತ್ತಿದೆ. ಬದುವಿನ ಮಾತನ್ನು ಗಾಡಿ ಹೊರಟ ಮೇಲೂ ಕೂಗಿ ಹೇಳಿದೆ.

ಗುಂಟೂರಿನ ಬಗ್ಗೆ ಹೇಳುವಂಥದ್ದೇನಿಲ್ಲ. ಕಾಯಿ ಕೆಂಪಗಿರುತ್ತವೆ, ಬೆರಳು ಉರಿಯುತ್ತವೆ, ಆ ಕೈಯಿಂದ ಕಣ್ಣು ಉಜ್ಜಬಾರದು.

ಬಿಸಿಲು ಬಲಿತ ಮೇಲೆ ತಿರುಗಿ ಬಂದೆ. ಬಸ್ಸಿಳಿದವಳು ಮೊದಲು ಹೊಲಕ್ಕೆ ಹೋಗಿ ಬದು ನೋಡಿದೆ. ಇದ್ದಲ್ಲೇ ಇತ್ತು. ಇಷ್ಟೆಲ್ಲ ಆದ ಮೇಲೆ ಒಂದು ಗೇಣು ನನ್ನ ಕಡೆ ಬಿಟ್ಟುಕೊಟ್ಟಿದ್ದಾನೇನೋ ಎಂದು ಇನ್ನೊಮ್ಮೆ ನೋಡಿದೆ. ಇಲ್ಲ. ಜೋಳವನ್ನು ಕೊಯ್ದು ಒಕ್ಕಿ ಚೀಲ ತುಂಬಿ ನನ್ನ ಮನೆಯಲ್ಲಿ ಇಡಿಸಿದ್ದ. ಹುಡುಗ ಅವನ ಮನೆಯ ಜಗುಲಿಯ ಮೇಲೆ ಬೋರಲು ಮಲಗಿ ಓದುತ್ತಿದ್ದ. ಟ್ರಂಕು ಬಾಯಿ ತೆರೆದುಕೊಂಡು ಬಾಜುವಿನಲ್ಲೇ ಇತ್ತು. ಅಷ್ಟು ದಿನದ ಮೇಲೆ ಬಂದ ಅಜ್ಜಿಯನ್ನು ನೋಡಿ, "ತಡಿ ಅಜ್ಜಿ" ಎಂದ. ತಲೆಗೆ ಒಂದು ಬಿಟ್ಟೆ. ಹಾಳೆ ಮುಗಿಸಿಯೇ ಎದ್ದ.

ಶಾಲೆಯಲ್ಲಿ ಬಾಯಿ ಬಿಡಲು ಅವನಿಗೆ ಇನ್ನೂ ಒಂದು ವರ್ಷ ಹಿಡಿಯಿತು. ಈಗ ಎಂಟನೆಯ ಕ್ಲಾಸು. ಬಾಯಿ ಮುಚ್ಚಿಸುವುದೇ ಕಷ್ಟ. ಬದುವಿನ ಜಗಳ ಕೊನೆಯ ತನಕ ತೀರಲಿಲ್ಲ. ಡ್ರೈವರ್ ಎದೆನೋವಿನಿಂದ ಹೋಗುವುದಕ್ಕೆ ಮುಂಚಿನ ವಾರವೂ ಆ ಬದುವಿನ ಮೇಲೆ ನಿಂತು ಇಬ್ಬರೂ ಕಿತ್ತಾಡಿದ್ದೆವು. ವ್ಯತ್ಯಾಸ ಇಷ್ಟೇ, ಎತ್ತು ಮೇಕೆಗಳ ಮೂಲಕ ಹೇಳುವುದನ್ನು ಬಿಟ್ಟು ನೇರವಾಗಿ ಬೈದುಕೊಳ್ಳುತ್ತಿದ್ದೆವು.

ಅಂಥವನ ಆಸೆ ಏನು ಉಳಿದಿತ್ತು ಎಂದು ನನ್ನನ್ನು ಕೇಳಿದರೆ?

ಅವತ್ತು ಬೇವಿನ ಕೆಳಗೆ ಬಿಸಿಲು ನೆತ್ತಿಗೆ ಬಂದರೂ ಕಾಗೆ ಇಳಿದಿರಲಿಲ್ಲ. ಅಣ್ಣನ ಮಗನ ಕಣ್ಣಲ್ಲಿ ನೀರು ಬಂತು. ತಾನು ಏನೋ ತಪ್ಪು ಮಾಡಿದ್ದೇನೆ, ಚಿಗಪ್ಪನಿಗೆ ಸಿಟ್ಟು ಇದೆ ಎಂದು ಅವನಿಗೆ ನಿಜಕ್ಕೂ ಭಯ ಹತ್ತಿತ್ತು. ಕಾಗೆ ಮುಟ್ಟದೆ ಹೋದರೆ ಊರು ಅದನ್ನು ಅವನ ಮಕ್ಕಳ ಕಾಲಕ್ಕೂ ಮರೆಯುವುದಿಲ್ಲ. ಒಬ್ಬೊಬ್ಬರು ಒಂದೊಂದು ಆಸೆ ಹೇಳತೊಡಗಿದರು. ಮದುವೆ ಆಗಲಿಲ್ಲವಲ್ಲ ಎಂದರು ಒಬ್ಬರು. ಲಾರಿ ಕೊಳ್ಳಬೇಕೆಂದಿದ್ದ ಎಂದರು ಇನ್ನೊಬ್ಬರು. ಬದುವಿನ ಮಾತನ್ನೂ ಯಾರೋ ತೆಗೆದರು. ಬಿಟ್ಟುಕೊಡುತ್ತೇನೆ ಎಂದು ಒಂದು ಮಾತು ಹೇಳಬಾರದೇ ಎಂದು ನನಗೇ ಹೇಳಿದರು. ನಾನು ಹೇಳಲಿಲ್ಲ. ಸುಳ್ಳು ಹೇಳಿ ಕಾಗೆಯನ್ನು ಇಳಿಸುವವಳಲ್ಲ ನಾನು.

ಊರ ಹುಡುಗರೆಲ್ಲ ಬಂದಿದ್ದರು. ಅವನ ಟ್ರಂಕಿನ ಕಳ್ಳರು. ಹಸಿವೆಗೆ, ಬೇಸರಕ್ಕೆ ಮರದ ಸುತ್ತ ಓಡುತ್ತಿದ್ದರು, ಕೂಗುತ್ತಿದ್ದರು, ಕಾಗೆ ಇಳಿಯಲಿ ಎಂದು ಮೇಲಕ್ಕೆ ಮಣ್ಣಹೆಂಟೆ ಎಸೆಯುತ್ತಿದ್ದರು. ಈರಣ್ಣ ಒಂದು ಮೂಲೆಯಲ್ಲಿ ಬದುವಿನ ಮೇಲೆ ಕೂತಿದ್ದ. ಎದ್ದು ಊರ ಕಡೆ ನಡೆದ. ತಿರುಗಿ ಬಂದಾಗ ತಲೆಯ ಮೇಲೆ ತಗಡಿನ ಟ್ರಂಕು ಇತ್ತು.

ಹಿರಿಯರು ತಮಗೆ ತಿಳಿಯಿತು ಎಂದುಕೊಂಡರು. ಪುಸ್ತಕ ಎಡೆಯ ಬಾಜು ಇಡು, ಅದೇ ಆಸೆ ಇರಬೇಕು ಎಂದರು. ಈರಣ್ಣ ಎಡೆಯ ಹತ್ತಿರಕ್ಕೂ ಹೋಗಲಿಲ್ಲ. ಟ್ರಂಕು ಇಳಿಸಿ ಬೀಗ ಎಳೆದ. ಒಬ್ಬೊಬ್ಬ ಹುಡುಗನ ಕೈಗೂ ಒಂದೊಂದು ಪುಸ್ತಕ ಕೊಟ್ಟ.

"ಕುಂದರ್ರಿ. ಕೂಗಬ್ಯಾಡ್ರಿ, ಮನಸಿನಾಗ ಓದ್ರಿ."

ಹುಡುಗರು ಬದುವಿನ ಉದ್ದಕ್ಕೂ ಕೂತರು. ಸ್ವಲ್ಪ ಹೊತ್ತು ಯಾರಿಗೆ ಯಾವುದು ಬಂತು ಎಂದು ಕಿತ್ತಾಡಿದರು. ಆಮೇಲೆ ಒಬ್ಬನ ದನಿ ನಿಂತಿತು, ಇನ್ನೊಬ್ಬನದು ನಿಂತಿತು. ದೊಡ್ಡವರೂ ಅವರನ್ನು ನೋಡುತ್ತ ಬಾಯಿ ಮುಚ್ಚಿದರು. ಹೊಲದಲ್ಲಿ ಹಾಳೆ ತಿರುಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಒಂದು ಕಾಗೆ ಕೆಳಗಿನ ಟೊಂಗೆಗೆ ಬಂತು. ಅಲ್ಲಿಂದ ನೆಲಕ್ಕೆ. ಕಾಗೆ ಓರೆಯಾಗಿ ಎರಡು ಹೆಜ್ಜೆ ಹಾಕಿತು, ಮಿರ್ಚಿಗೆ ಕೊಕ್ಕು ಹಾಕಿತು. ಹಿಂದೆಯೇ ಉಳಿದವೂ ಇಳಿದವು.

ನೋಡಿದೆಯಾ, ಇದೇ ಆಸೆ ಇತ್ತು ಎಂದು ಹಿರಿಯರು ಪಿಸುಗುಟ್ಟಿ ಕೈ ಮುಗಿದರು. ಆಸೆಯೋ ಗೀಸೆಯೋ. ಅಷ್ಟು ಗದ್ದಲದಲ್ಲಿ ಯಾವ ಹಕ್ಕಿ ಇಳಿಯುತ್ತದೆ? ಇದು ತಿಳಿಯಲು ಎರಡು ಹೊಲದ ಜೋಳ ಕಾದವನೇ ಬೇಕಾಯಿತು.

ಊಟಕ್ಕೆ ಎಲೆ ಹಾಕಿದೆವು. ಹುಡುಗರನ್ನು ಕರೆದೆ. ಒಬ್ಬನೂ ಏಳಲಿಲ್ಲ. ಬೆಳಗಿನಿಂದ ಹಸಿವು ಹಸಿವು ಎಂದು ಪ್ರಾಣ ತಿಂದವರು. ಇನ್ನೊಮ್ಮೆ ಕರೆದೆ. ಆಮೇಲೆ ಅನ್ನದ ಬುಟ್ಟಿಯ ಮೇಲಿದ್ದ ತಾಟು ತೆಗೆದುಕೊಂಡು ಸೌಟಿನಿಂದ ಜೋರಾಗಿ ಬಡಿದೆ.

ಕಾಗೆಗಳೆಲ್ಲ ಎದ್ದವು. ಹುಡುಗರು ಏಳಲಿಲ್ಲ.